ಸಮರಸ ದಾಂಪತ್ಯ

ವೀರಶೈವ ಧರ್ಮದಲ್ಲಿ ಸಂಸಾರವು ಸಾಧನೆಗೆ ಅಡ್ಡಗೋಡೆಯಲ್ಲ. ಕಾಡಿಗೆ ಹೋದವನೇ ವಿರಕ್ತನು, ಮನೆಯಲ್ಲಿ ಉಳಿದವನು ಬದ್ಧನು ಎಂಬ ಭಾವನೆಯನ್ನು ಕಲ್ಯಾಣದ ಶರಣರು ಒಪ್ಪಲಿಲ್ಲ. ನೇಯುವವನು ಮಗ್ಗದ ಮುಂದೆ, ಸೌದೆ ಮಾರುವವನು ಹೊರೆಯ ಕೆಳಗೆ, ಅಡಿಗೆ ಮಾಡುವವಳು ಒಲೆಯ ಮುಂದೆ ಇದ್ದಲ್ಲಿಯೇ ಲಿಂಗಾಂಗ ಸಾಮರಸ್ಯವನ್ನು ಪಡೆಯಬಹುದೆಂದು ಅವರು ಬಾಳಿ ತೋರಿಸಿದರು. ಭಕ್ತನೂ ಪರಶಿವನೂ ಕೂಡುವ ಬಗೆಯನ್ನು ಹೇಳಬೇಕಾಗಿ ಬಂದಾಗಲೂ ಅವರು ಆರಿಸಿಕೊಂಡ ಮಾತು ಶರಣಸತಿ ಲಿಂಗಪತಿ ಎಂಬುದು. ಪರಮಾರ್ಥದ ತುತ್ತತುದಿಯನ್ನು ತೋರಿಸಲು ಗಂಡಹೆಂಡಿರ ಸಂಬಂಧವನ್ನೇ ಕೈಮರವಾಗಿ ನಿಲ್ಲಿಸಿದ ಧರ್ಮದಲ್ಲಿ, ಆ ಸಂಬಂಧವನ್ನು ಕೂಡಿಸುವ ಕಾರ್ಯವು ಎಷ್ಟು ಎಚ್ಚರದಿಂದ ನಡೆಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಆ ಎಚ್ಚರವು ಇಂದು ಯಾವುದರ ಮೇಲೆ ನೆಟ್ಟಿದೆ ಎಂಬುದನ್ನು ಮಾತ್ರ ವಿಚಾರಿಸಬೇಕಾಗಿದೆ.

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯು ಒಂದು ಕಾಲಕ್ಕೆ ಪಾಳೆಯಗಾರರ ರಾಜಧಾನಿಯಾಗಿದ್ದ ಊರು. ಈಗ ಹೋಬಳಿಯ ಮುಖ್ಯಸ್ಥಳ. ತೆಂಗು ಅಡಕೆಯ ತೋಟ, ರಾಗಿಯ ಹೊಲ, ಕೆರೆಯ ನೀರನ್ನೂ ಮುಗಿಲನ್ನೂ ನಂಬಿದ ಬದುಕು ಇಲ್ಲಿನದು. ಗುಬ್ಬಿಯ ಚನ್ನಬಸವೇಶ್ವರ ಸ್ವಾಮಿಯ ಸನ್ನಿಧಿ, ಎಡೆಯೂರಿನಲ್ಲಿರುವ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ, ಸಿದ್ಧಗಂಗೆಯ ದಾಸೋಹ, ಇವುಗಳ ನೆರಳಿನಲ್ಲಿ ಬೆಳೆದ ಭಕ್ತ ಸಮುದಾಯ ಇಲ್ಲಿನದು. ಇಂತಹ ಸೀಮೆಯಲ್ಲಿ ಇಂದು ಮನೆಮನೆಯ ಜಗಲಿಯ ಮೇಲೆ ಕೇಳಿಬರುವ ಒಂದು ಮಾತೆಂದರೆ, ಹುಡುಗನಿಗೆ ಹೆಣ್ಣು ಸಿಕ್ಕಲಿಲ್ಲವೆಂಬುದು. ಹುಡುಗನಿಗೆ ಕೆಟ್ಟ ಚಾಳಿಯಿಲ್ಲ, ತೋಟವಿದೆ, ತಂದೆತಾಯಿಗಳ ಮಾತಿಗೆ ಎದುರಾಡುವವನಲ್ಲ. ಆದರೂ ಹೆಣ್ಣು ಕೇಳಲು ಹೋದವರಿಗೆ ದೊರಕುವ ಉತ್ತರ ಬಹುಮಟ್ಟಿಗೆ ಒಂದೇ. ಹಳ್ಳಿಗೆ ಕೊಡುವುದಿಲ್ಲ, ಬೆಂಗಳೂರಿನಲ್ಲಿ ಕೆಲಸವಿದ್ದರೆ ನೋಡೋಣ.

ಈ ಸಂಕಟವು ಹಾಗಲವಾಡಿಗೆ ಮಾತ್ರ ಸೇರಿದುದಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ತರುಣರು, ಅವರಲ್ಲಿ ಬಹುಮಂದಿ ಬೇಸಾಯಗಾರರು, ತಮಗೆ ಕನ್ಯೆ ದೊರಕಲೆಂದು ಬೇಡಿಕೊಳ್ಳುತ್ತ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದರು. ಅದು ನಗುವ ಸಂಗತಿಯಲ್ಲ. ಅನ್ನ ಬೆಳೆಯುವವನು ತನ್ನ ಅನ್ನವನ್ನು ಹಂಚಿಕೊಳ್ಳುವ ಸಂಗಾತಿಯನ್ನು ಕಾಣದೆ ದೇವರ ಬೆಟ್ಟವನ್ನು ಹತ್ತಬೇಕಾಗಿ ಬಂದಿತೆಂದರೆ, ಸಮಾಜದ ತಕ್ಕಡಿಯು ಎಲ್ಲಿಯೋ ಓರೆಯಾಗಿದೆ ಎಂದೇ ಅರ್ಥ.

ಓರೆಯಾದುದು ಒಂದೇ ಕಡೆಯಲ್ಲ. ಹೆಣ್ಣು ಕೊಡಲು ಹಿಂಜರಿಯುವವರನ್ನು ಹಣದಾಸೆಯವರೆಂದು ಜರೆಯುವುದು ಸುಲಭ. ಆದರೆ ಹಳ್ಳಿಯ ಮನೆಗೆ ಬಂದ ಸೊಸೆಯ ದಿನಚರಿಯನ್ನು ಒಮ್ಮೆ ನೆನೆಯಬೇಕು. ನಸುಕಿನಲ್ಲೆದ್ದು ಕೊಟ್ಟಿಗೆ ಬಳಿಯುವವಳು ಅವಳು. ನಲ್ಲಿ ಬರದ ದಿನ ನೀರಿಗೆ ನಿಲ್ಲುವವಳು ಅವಳು. ಹತ್ತು ಜನರ ಊಟವಾದ ಮೇಲೆ ಉಳಿದುದನ್ನು ಉಣ್ಣುವವಳೂ ಅವಳೇ. ಕೊಬ್ಬರಿ ಮಾರಿದ ಹಣ ಎಷ್ಟು ಬಂದಿತು, ಎಲ್ಲಿಗೆ ಹೋಯಿತು ಎಂಬುದು ಮಾತ್ರ ಅವಳಿಗೆ ತಿಳಿಯದು. ಈ ಬಾಳನ್ನು ಕಣ್ಣಾರೆ ಕಂಡ ತಾಯಿಯೇ ತನ್ನ ಮಗಳಿಗೆ ಅದು ಬೇಡವೆನ್ನುತ್ತಾಳೆ. ಇನ್ನು ಹೆಣ್ಣುಮಕ್ಕಳ ಸಂಖ್ಯೆಯ ಮಾತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 948 ಮಾತ್ರ. ಮಗಳು ಹುಟ್ಟಿದಾಗ ಮುಖ ಸಣ್ಣದು ಮಾಡಿಕೊಂಡ ಮನೆಯೇ ಇಪ್ಪತ್ತೈದು ವರ್ಷಗಳ ಮೇಲೆ ಸೊಸೆ ಸಿಕ್ಕಲಿಲ್ಲವೆಂದು ಕೊರಗಿದರೆ, ಆ ಕೊರಗಿಗೆ ಉತ್ತರ ಕೊಡುವವರು ಯಾರು?

ಹಾಗಾದರೆ ಅನುರೂಪವಾದ ಸಂಬಂಧವೆಂದರೇನು? ಅದನ್ನು ಕಂಡುಕೊಳ್ಳುವ ಬಗೆ ಯಾವುದು? ರೂಢಿಯಲ್ಲಿ ತೂಗಿ ನೋಡುವ ವಸ್ತುಗಳು ಎಲ್ಲರಿಗೂ ಗೊತ್ತು. ಸಾಲಾವಳಿ ಕೂಡಿಬಂದಿತೆ, ಬೆಡಗು ಯಾವುದು, ಸಂಬಳವೆಷ್ಟು, ಎಕರೆ ಎಷ್ಟು, ಮೈಮೇಲೆ ಚಿನ್ನವೆಷ್ಟು ಹಾಕುತ್ತಾರೆ, ಮದುವೆಯನ್ನು ಯಾವ ಛತ್ರದಲ್ಲಿ ಮಾಡಿಕೊಡುತ್ತಾರೆ. ವರದಕ್ಷಿಣೆಯನ್ನು ಕೊಡುವುದೂ ಕೊಳ್ಳುವುದೂ ಅಪರಾಧವೆಂದು 1961ರಲ್ಲಿಯೇ ಕಾಯಿದೆಯಾದರೂ, ಹೆಸರು ಬದಲಾಯಿಸಿಕೊಂಡು ಅದು ಇಂದಿಗೂ ಪಂಕ್ತಿಯಲ್ಲಿ ಕುಳಿತಿದೆ. ಇವೆಲ್ಲವನ್ನೂ ವಿಚಾರಿಸಿ ಮುಗಿಸಿದ ಹಿರಿಯರು, ಈ ಇಬ್ಬರ ಮನಸ್ಸು ಯಾವುದನ್ನು ಸಾಕು ಎನ್ನುತ್ತದೆ, ಯಾವುದನ್ನು ಬೇಕು ಎನ್ನುತ್ತದೆ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಸಂಸಾರವು ನಿಲ್ಲುವುದೂ ಮುರಿಯುವುದೂ ಆ ಒಂದು ಪ್ರಶ್ನೆಯ ಮೇಲೆಯೇ. ಶರಣರ ಚರಿತ್ರೆಯು ಇದಕ್ಕೆ ಸಾಕ್ಷಿ.

ಮುದನೂರಿನ ಜೇಡರ ದಾಸಿಮಯ್ಯನವರು ಬಸವಣ್ಣನವರಿಗಿಂತ ಹಿಂದಿನವರೆಂದು ಪ್ರತೀತಿಯುಂಟು. ಮಗ್ಗ ಅವರ ಕಾಯಕ. ಅವರು ವಿವಾಹವಾಗಲು ಮನಸ್ಸು ಮಾಡಿದಾಗ ಕನ್ಯೆಯ ಮನೆಯವರಿಂದ ಹೊನ್ನನ್ನು ಕೇಳಲಿಲ್ಲವೆಂದು ಕಥೆಯು ಹೇಳುತ್ತದೆ. ಮರಳು ಬೆರೆತ ಅಕ್ಕಿಯನ್ನೂ ಒಂದಿಷ್ಟು ಕಬ್ಬನ್ನೂ ಕೊಟ್ಟು, ಬೇರೆ ನೀರು ಸೌದೆಗಳಿಲ್ಲದೆ ಪಾಯಸವನ್ನು ಮಾಡಬಲ್ಲ ಕನ್ಯೆ ಯಾರೆಂದು ಅವರು ವಿಚಾರಿಸಿದರು. ದುಗ್ಗಳೆಯವರು ಅಕ್ಕಿಯಿಂದ ಮರಳನ್ನು ಬೇರ್ಪಡಿಸಿದರು. ಕಬ್ಬನ್ನು ಹಿಂಡಿ ರಸವನ್ನು ನೀರಿನ ಬದಲಿಗೆ ಬಳಸಿದರು. ಉಳಿದ ಸಿಪ್ಪೆಯನ್ನು ಒಣಗಿಸಿ ಒಲೆಗೆ ಹಾಕಿದರು. ಪಾಯಸ ಸಿದ್ಧವಾಯಿತು. ಒಂದೇ ಕಬ್ಬು ಸಿಹಿಯೂ ಆಯಿತು, ಬೆಂಕಿಯೂ ಆಯಿತು. ಕೈಗೆ ಬಂದುದರಲ್ಲಿ ಕೊರತೆಯನ್ನು ಎಣಿಸದೆ, ಅದರೊಳಗೇ ಅಡಗಿರುವ ಉಪಾಯವನ್ನು ಕಾಣುವ ವಿವೇಕವೇ ದಾಸಿಮಯ್ಯನವರು ಹುಡುಕಿದ ಸಂಪತ್ತು.

ಈ ಕಥೆಯನ್ನು ಹೆಣ್ಣಿನ ಪರೀಕ್ಷೆಯೆಂದು ಮಾತ್ರ ಹೇಳಿ ನಿಲ್ಲಿಸಿದರೆ ಅರ್ಧವನ್ನು ಹೇಳಿದಂತಾಯಿತು. ಪರೀಕ್ಷೆಯನ್ನು ಮುಂದಿಟ್ಟವರು ತಮ್ಮ ಬಡತನವನ್ನು ಮುಚ್ಚಿಡಲಿಲ್ಲವೆಂಬುದನ್ನು ಗಮನಿಸಬೇಕು. ಇಲ್ಲದ ಐಶ್ವರ್ಯವನ್ನು ತೋರಿಸಿ ಅವರು ಹೆಣ್ಣು ಕೇಳಲಿಲ್ಲ. ಮರಳು ಬೆರೆತ ಅಕ್ಕಿಯನ್ನು ಮರಳು ಬೆರೆತ ಅಕ್ಕಿಯೆಂದೇ ಕೊಟ್ಟರು. ಇಂದು ತೋಟದ ಮೇಲಿನ ಸಾಲವನ್ನು ಬಚ್ಚಿಟ್ಟು ಮದುವೆ ಮಾಡುವವರೂ, ಮಗಳ ಇಷ್ಟಾನಿಷ್ಟಗಳನ್ನು ಮರೆಮಾಚಿ ಧಾರೆಯೆರೆಯುವವರೂ, ಮರಳನ್ನು ಅಕ್ಕಿಯೆಂದು ಹೇಳಿ ಕೊಟ್ಟವರಿಗೆ ಸಮಾನರು. ಗಂಡಹೆಂಡಿರಿಬ್ಬರ ಭಕ್ತಿಯು ಒಂದಾಗಿ ಹರಿದರೆ ಮಾತ್ರ ಅದು ಶಿವನಿಗೆ ಪ್ರಿಯವೆಂಬ ದಾಸಿಮಯ್ಯನವರ ಅಭಿಪ್ರಾಯವು ಲಗ್ನಪತ್ರಿಕೆಗಳ ಮೇಲೆ ಅಚ್ಚಾಗುತ್ತಲೇ ಇದೆ. ಅದು ಪತ್ರಿಕೆಯ ತಲೆಬರಹವಾಗಿ ಉಳಿಯದೆ ಮಾತುಕತೆಯ ಮೊದಲ ವಿಷಯವಾಗತಕ್ಕದ್ದು.

ಮೊದಲೇ ಮಾತನಾಡಿಕೊಳ್ಳುವ ಧೈರ್ಯಕ್ಕೆ ಅಕ್ಕಮಹಾದೇವಿಯವರೇ ಮೇಲ್ಪಂಕ್ತಿ. ಹರಿಹರನ ರಗಳೆಯಂತೆ, ಕೌಶಿಕನು ಆಕೆಯನ್ನು ಬಯಸಿದಾಗ ಆಕೆಯು ಕೆಲವು ಕರಾರುಗಳನ್ನು ಮುಂದಿಟ್ಟರು. ತಮ್ಮ ಇಚ್ಛೆಯಂತೆ ಲಿಂಗಪೂಜೆಗೆ, ಮಾಹೇಶ್ವರರ ಗೋಷ್ಠಿಗೆ, ಗುರುಸೇವೆಗೆ ಅಡ್ಡಿ ಬರಬಾರದೆಂಬುದು ಅವುಗಳ ತಿರುಳು. ಮೂರು ಸಾರಿ ತಪ್ಪಿದರೆ ತಾವು ಉಳಿಯುವುದಿಲ್ಲವೆಂದು ತಿಳಿಸಿದ್ದರು; ತಪ್ಪಿದಾಗ ಹೊರಟೇಹೋದರು. ಹೊರಟುಹೋದುದನ್ನು ಜನರು ನೆನಪಿನಲ್ಲಿಟ್ಟಿದ್ದಾರೆ, ಮೊದಲೇ ಹೇಳಿದ್ದರೆಂಬುದನ್ನು ಮರೆತಿದ್ದಾರೆ. ತನಗೆ ಬಾಳಿನಲ್ಲಿ ಬಿಡಲಾಗದುದು ಯಾವುದು ಎಂಬುದನ್ನು ಹೆಣ್ಣೊಬ್ಬಳು ವಿವಾಹಕ್ಕೆ ಮುಂಚೆ ಹೇಳುವುದು ಅಹಂಕಾರವಲ್ಲ, ಸತ್ಯಶುದ್ಧವಾದ ನಡೆ. ಅದನ್ನು ಕೇಳಿ ಒಪ್ಪಿಕೊಂಡ ಗಂಡು ಆಮೇಲೆ ಮರೆಯುವುದು ವಚನಭಂಗ.

ಆದರೆ ಎಷ್ಟೇ ಮಾತನಾಡಿಕೊಂಡರೂ ಬಾಳಿನ ಎಲ್ಲ ಪ್ರಸಂಗಗಳನ್ನೂ ಮೊದಲೇ ಕಾಣಲು ಸಾಧ್ಯವಿಲ್ಲ. ಮದುವೆಯಾದ ಹತ್ತು ವರ್ಷಗಳ ಮೇಲೆ ಬರುವ ಆಸೆ, ಅಭಿಮಾನ, ಆಲಸ್ಯಗಳಿಗೆ ಯಾವ ಕರಾರು ತಾನೆ ತಡೆ? ಅಲ್ಲಿಗೆ ಬೇಕಾದುದು ಆಯ್ದಕ್ಕಿ ಲಕ್ಕಮ್ಮನವರಂತಹ ಸಂಗಾತಿ.

ಈಗಿನ ರಾಯಚೂರು ಜಿಲ್ಲೆಗೆ ಸೇರಿದ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಮಾರಯ್ಯನವರು ಮತ್ತು ಲಕ್ಕಮ್ಮನವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದರಲ್ಲಿ ಅಡಿಗೆ ಮಾಡಿ ಜಂಗಮ ದಾಸೋಹವನ್ನು ನಡೆಸುವುದು ಇಬ್ಬರ ವ್ರತ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲೋಕರೂಢಿಯಲ್ಲಿ ಹೆಂಡತಿಯು ಸಂತೋಷಪಡತಕ್ಕ ಸಮಯವದು. ಲಕ್ಕಮ್ಮನವರು ಗಂಟನ್ನು ನೋಡಿದರು. ಈ ಹೆಚ್ಚಳವು ಆಸೆಯಿಂದ ಬಂದುದೆಂದು ತಿಳಿದರು. ನಿತ್ಯದ ಅಳತೆಯನ್ನು ಮೀರಿದುದು ತಮ್ಮ ಮನೆಗೆ ಸಲ್ಲದೆಂದು ಹೇಳಿ, ತಂದಲ್ಲಿಯೇ ಹಾಕಿ ಬರುವಂತೆ ಗಂಡನನ್ನು ಕಳುಹಿಸಿದರು. ಮಾರಯ್ಯನವರು ಹೋದರು.

ಲಕ್ಕಮ್ಮನವರ ನಿಲುವನ್ನು ಕೊಂಡಾಡುವ ಭಕ್ತರು ಮಾರಯ್ಯನವರು ಹೋದರೆಂಬ ಕೊನೆಯ ಮಾತಿನ ಬೆಲೆಯನ್ನು ಗ್ರಹಿಸುವುದು ಅಪರೂಪ. ಹೇಳುವ ಹೆಂಡತಿಯು ದೊರಕುವುದು ಎಷ್ಟು ಪುಣ್ಯವೋ, ಕೇಳುವ ಗಂಡನಾಗುವುದು ಅಷ್ಟೇ ದೊಡ್ಡ ಸಾಧನೆ. ಗಂಟನ್ನು ಹೊತ್ತು ಬೀದಿಯಲ್ಲಿ ಹಿಂದಿರುಗಿ ನಡೆಯುವಾಗ ಕಂಡವರೇನೆಂದಾರು ಎಂಬ ಲಜ್ಜೆಯನ್ನು ಅವರು ಗೆದ್ದರು. ಮತ್ತೊಮ್ಮೆ ಮಾರಯ್ಯನವರು ಅನುಭಾವದ ಮಾತಿನಲ್ಲಿ ಮುಳುಗಿ ಕಾಯಕವನ್ನು ಮರೆತಾಗಲೂ, ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವರು ಲಕ್ಕಮ್ಮನವರೇ ಎಂದು ಶೂನ್ಯಸಂಪಾದನೆಯು ತಿಳಿಸುತ್ತದೆ. ಹೆಚ್ಚಾದಾಗ ಸಾಕು ಎನ್ನುವವರು, ಕಡಿಮೆಯಾದಾಗ ಏಳು ಎನ್ನುವವರು, ಒಬ್ಬರಿಗೊಬ್ಬರು ಹೀಗಿದ್ದರೆ ಅದೇ ಅನುರೂಪವಾದ ದಾಂಪತ್ಯ. ರುಚಿ ಒಂದಾಗಿರುವುದು, ಓದು ಒಂದಾಗಿರುವುದು, ಅಂತಸ್ತು ಒಂದಾಗಿರುವುದು ಇವೆಲ್ಲ ಇದ್ದರೆ ಒಳ್ಳೆಯದೇ. ಆದರೆ ತನ್ನ ತಪ್ಪು ಗಂಟನ್ನು ಕಂಡು ಹಿಂದಕ್ಕೆ ಕಳುಹಿಸುವವರು ಯಾರು, ಅವರ ಮಾತಿಗೆ ತಾನು ಹಿಂದಿರುಗಬಲ್ಲೆನೆ, ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತವನಿಗೆ ಮಾತ್ರ ಸಂಗಾತಿ ದೊರೆತಂತೆ.

ಮೋಳಿಗೆಯ ಮಾರಯ್ಯನವರ ಚರಿತ್ರೆಯೂ ಇದನ್ನೇ ಸಾರುತ್ತದೆ. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದು ಕಲ್ಯಾಣದಲ್ಲಿ ಸೌದೆಯ ಹೊರೆಯನ್ನು ಮಾರಿ ಬಾಳಿದರೆಂದು ಅವರ ವಿಷಯವಾಗಿ ಸಂಪ್ರದಾಯವು ಹೇಳುತ್ತದೆ. ಬಸವಣ್ಣನವರು ಗುಡಿಸಲಿಗೆ ಬಂದು ಅಂಬಲಿಯನ್ನು ಸ್ವೀಕರಿಸಿ ಗುಟ್ಟಾಗಿ ಹೊನ್ನನ್ನು ಇರಿಸಿಹೋದಾಗ, ಆ ದಂಪತಿಗಳು ಅದನ್ನು ಮನೆಯಲ್ಲಿ ಉಳಿಸಿಕೊಳ್ಳದೆ ಜಂಗಮರಿಗೆ ಸಲ್ಲಿಸಿದರಂತೆ. ಅರಮನೆಯಿಂದ ಗುಡಿಸಲಿಗೆ ಬಂದ ಹೆಂಗಸು ಒಬ್ಬಳು ಒಳಗೊಳಗೇ ಕೊರಗುತ್ತಿದ್ದರೆ ಆ ಹೊನ್ನು ಹೊರಗೆ ಹೋಗುತ್ತಿರಲಿಲ್ಲ. ಕೊನೆಗೆ ಮಾರಯ್ಯನವರು ಐಕ್ಯಪದಕ್ಕಾಗಿ ಹಂಬಲಿಸಿದಾಗ, ಅದು ಬೇರೆಲ್ಲಿಯೋ ಇರುವ ಲೋಕವಲ್ಲ, ನಿಂದ ನಿಲವಿನಲ್ಲಿಯೇ ಇದೆ ಎಂದು ತಿಳಿಯಹೇಳಿದವರು ಪತ್ನಿ ಮಹಾದೇವಿಯವರು. ಆದರ್ಶವಾದ ಬಾಳನ್ನು ಅವರು ಕಲ್ಪಿಸಿಕೊಂಡುದು ಹೀಗೆ. ಮನೆ ಸಣ್ಣದು, ಅಳತೆ ನಿಶ್ಚಿತ, ಬಾಗಿಲು ತೆರೆದದ್ದು, ಇಬ್ಬರ ಅರಿವೂ ಒಂದೇ ದಿಕ್ಕಿಗೆ.

ಈ ಶರಣೆಯರ ಅಂಕಿತಗಳಲ್ಲಿಯೂ ಒಂದು ಸ್ವಾರಸ್ಯವುಂಟು. ಲಕ್ಕಮ್ಮನವರದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ದುಗ್ಗಳೆಯವರದು ದಾಸಯ್ಯಪ್ರಿಯ ರಾಮನಾಥ. ಗಂಡನ ಹೆಸರು ಅಂಕಿತದಲ್ಲಿದೆ. ವಚನವು ಮಾತ್ರ ಅವರದೇ. ಗಂಡನ ನೆರಳಿನಲ್ಲಿ ಅವರ ದನಿ ಅಡಗಿಹೋಗಲಿಲ್ಲ. ಅವನನ್ನು ಬಿಟ್ಟು ದೂರವೂ ನಿಲ್ಲಲಿಲ್ಲ. ದುಗ್ಗಳೆಯವರ ಎರಡು ವಚನಗಳು ಮಾತ್ರ ಉಳಿದುಬಂದಿದ್ದರೂ, ಲಕ್ಕಮ್ಮನವರವು ಇಪ್ಪತ್ತೈದರಷ್ಟು ದೊರೆತಿವೆ. ಎಂಟುನೂರು ವರ್ಷಗಳ ಹಿಂದೆ ಒಬ್ಬ ಬಡ ಗೃಹಿಣಿಯ ಮಾತನ್ನು ಬರೆದಿಟ್ಟುಕೊಂಡ ಸಮಾಜವು, ಇಂದು ತನ್ನ ಮನೆಯ ಹೆಣ್ಣುಮಗಳ ಅಭಿಪ್ರಾಯವನ್ನು ಕೇಳದೆ ವೀಳ್ಯ ಬದಲಾಯಿಸಿದರೆ ಅದು ಮುಂದೆ ನಡೆದಂತಾಗಲಿಲ್ಲ.

ಕುಲವನ್ನು ಅನುರೂಪತೆಯ ಅಳತೆಗೋಲೆಂದು ನಂಬಿದವರಿಗೆ ಕಲ್ಯಾಣವು ಕೊಟ್ಟ ಉತ್ತರವನ್ನಂತೂ ಮರೆಯಲಾಗದು. 12ನೆಯ ಶತಮಾನದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣರಾಗಿದ್ದ ಮಧುವರಸರ ಮಗಳಿಗೂ ವಿವಾಹ ನಡೆಯಿತು. ಲಿಂಗವನ್ನು ಧರಿಸಿದ ಮೇಲೆ ಎರಡು ಮನೆಗಳಿಗೂ ಕುಲ ಒಂದೇ ಎಂಬುದು ಶರಣರ ನಿಶ್ಚಯ. ಆ ನಿಶ್ಚಯಕ್ಕಾಗಿ ಹರಳಯ್ಯ ಮಧುವರಸರು ಪ್ರಾಣವನ್ನೇ ತೆತ್ತರು. ಅವರ ಹೆಸರನ್ನು ಪ್ರತಿವರ್ಷ ಬಸವ ಜಯಂತಿಯಂದು ಸ್ಮರಿಸುವ ಮನೆಗಳಲ್ಲಿ, ಒಳಪಂಗಡ ಬೇರೆಯೆಂಬ ಒಂದೇ ಕಾರಣಕ್ಕೆ ಒಪ್ಪಿದ ಮನಸ್ಸುಗಳನ್ನು ಅಗಲಿಸುವುದು ನ್ಯಾಯವೆ ಎಂಬುದನ್ನು ಹಿರಿಯರು ತಮ್ಮ ಇಷ್ಟಲಿಂಗದ ಮುಂದೆ ಕುಳಿತು ಆಲೋಚಿಸಲಿ.

ಇನ್ನು ಆಚರಣೆಯ ಮಾತು. ಹಾಗಲವಾಡಿ ಸೀಮೆಯ ತೋಟಗಾರನಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅಡಕೆಯ ಸಸಿಯನ್ನು ಅವನು ಬಯಲಿನಲ್ಲಿ ನೆಟ್ಟು ಬಿಸಿಲಿಗೆ ಬಿಡುವುದಿಲ್ಲ. ಬಾಳೆಯನ್ನು ಹಾಕಿ ಎಳೆಯ ಸಸಿಗೆ ನೆರಳು ಮಾಡುತ್ತಾನೆ. ಸಸಿ ಬಲಿತ ಮೇಲೆ ಬಾಳೆಯನ್ನು ತೆಗೆಯುತ್ತಾನೆ. ಫಲಕ್ಕೆ ಐದಾರು ವರ್ಷ ತಾಳ್ಮೆಯಿಂದ ಕಾಯುತ್ತಾನೆ. ಹೊಸ ದಂಪತಿಗಳೂ ಎಳೆಯ ಸಸಿಗಳೇ. ಅತ್ತೆಮಾವಂದಿರು ಬಾಳೆಯಂತಾದರೆ ಸಾಕು. ಬೇಕಾದಷ್ಟು ದಿನ ನೆರಳು ಕೊಡುವುದು, ಸಮಯ ಬಂದಾಗ ತಾವೇ ಸರಿದು ಬೆಳಕು ಬಿಡುವುದು. ಸಿದ್ಧವಾದ ಮರವನ್ನು ಯಾರೂ ತಂದು ನೆಡುವುದಿಲ್ಲ. ಹಾಗೆಯೇ ಎಲ್ಲ ವಿಧದಲ್ಲಿಯೂ ಹೊಂದಿದ ಸಂಗಾತಿಯೆಂಬುವರು ಎಲ್ಲಿಯೂ ಸಿದ್ಧವಾಗಿ ಕುಳಿತಿರುವುದಿಲ್ಲ. ಹೊಂದಿಕೆಯು ಬೆಳೆಯತಕ್ಕ ವಸ್ತು. ಆದರೆ ನೆಲ ಯಾವುದು, ನೀರೆಷ್ಟು ಎಂಬುದನ್ನು ನೋಡದೆ ನೆಡುವವನೂ ಜಾಣನಲ್ಲ.

ಆದುದರಿಂದ ಒಪ್ಪುವೀಳ್ಯಕ್ಕೆ ಮುಂಚೆ ಹುಡುಗ ಹುಡುಗಿಯರಿಬ್ಬರನ್ನೂ ಕೂರಿಸಿ, ಅವರಷ್ಟಕ್ಕೆ ಅವರು ಮಾತನಾಡಲು ಅವಕಾಶ ಕೊಡತಕ್ಕದ್ದು. ಒಂದು ಸಲವಲ್ಲ, ಎರಡು ಮೂರು ಸಲ. ತೋಟದ ವರಮಾನವೆಷ್ಟು, ಸಹಕಾರ ಸಂಘದಲ್ಲಿ, ಬ್ಯಾಂಕಿನಲ್ಲಿ ಸಾಲವೆಷ್ಟು, ಕೊಳವೆಬಾವಿ ಬತ್ತಿದರೆ ಯೋಚನೆಯೇನು ಎಂಬುದನ್ನು ಗಂಡು ಮುಚ್ಚದೆ ಹೇಳಲಿ. ಓದನ್ನು ಮುಂದುವರಿಸುವ ಆಸೆಯಿದೆಯೆ, ಕೆಲಸಕ್ಕೆ ಹೋಗುವ ಸಂಕಲ್ಪವಿದೆಯೆ, ಹಳ್ಳಿಯ ಬಾಳಿನಲ್ಲಿ ಹೆದರಿಕೆ ಯಾವುದರದು ಎಂಬುದನ್ನು ಹೆಣ್ಣು ಅಂಜದೆ ತಿಳಿಸಲಿ. ಎರಡೂ ಕಡೆಯ ತಂದೆತಾಯಿಗಳನ್ನು ಮುಪ್ಪಿನಲ್ಲಿ ನೋಡಿಕೊಳ್ಳುವವರು ಯಾರು, ಮನೆಯ ಲೆಕ್ಕವು ಯಾರ ಕೈಯಲ್ಲಿ, ವರ್ಷದ ದುಡಿಮೆಯಲ್ಲಿ ದಾಸೋಹಕ್ಕೆಷ್ಟು, ಈ ಪ್ರಶ್ನೆಗಳು ಬರಲಿ. ಉತ್ತರಗಳು ಒಂದೇ ಆಗಿರಬೇಕೆಂಬುದಿಲ್ಲ. ಬೇರೆಯಾದ ಉತ್ತರವನ್ನು ಕೇಳಿದಾಗ ಎದುರಿಗಿರುವವರು ಕೋಪಗೊಂಡರೆ, ನಕ್ಕು ತಳ್ಳಿಹಾಕಿದರೆ ಅಥವಾ ಕಿವಿಗೊಟ್ಟರೆ, ಅದನ್ನು ನೋಡಿದರೆ ಸಾಕು. ಯಾವ ಸಾಲಾವಳಿಯೂ ಹೇಳಲಾರದ ಸತ್ಯವು ಅಲ್ಲಿ ತಿಳಿಯುತ್ತದೆ.

ಗಂಡುಮಕ್ಕಳ ತಂದೆತಾಯಿಗಳು ಹೆಣ್ಣು ಹುಡುಕುವ ಮೊದಲು ಮನೆಯನ್ನು ಸಿದ್ಧಗೊಳಿಸಲಿ. ಸಿದ್ಧತೆಯೆಂದರೆ ಸುಣ್ಣಬಣ್ಣವಲ್ಲ, ಬಚ್ಚಲಿಗೆ ಬಾಗಿಲು, ಒಲೆಯ ಕೆಲಸದಲ್ಲಿ ಮಗನಿಗೂ ಪಾಲು, ಸೊಸೆಯ ಹೆಸರಿನಲ್ಲಿ ಒಂದು ಬ್ಯಾಂಕು ಪುಸ್ತಕ, ತೋಟದ ಆಲೋಚನೆಯಲ್ಲಿ ಅವಳ ಮಾತಿಗೆ ಸ್ಥಾನ. 2005ರ ಕಾಯಿದೆಯ ತಿದ್ದುಪಡಿಯಿಂದ ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಂತೆಯೇ ಹುಟ್ಟಿನಿಂದ ಹಕ್ಕು ಬಂದಿದೆ. ಸೊಸೆಯನ್ನು ಪಾಲುಗಾರಳೆಂದು ಕಾಣಲು ಮನೆಗಳು ಇನ್ನೂ ಕಲಿಯಬೇಕಾಗಿದೆ. ಹೆಣ್ಣುಮಕ್ಕಳ ತಂದೆತಾಯಿಗಳು ಸಂಬಳದ ಚೀಟಿಯೊಂದನ್ನೇ ನೋಡದಿರಲಿ. ಸಂಬಳವು ಒಂದು ಕಾಗದದಿಂದ ನಿಲ್ಲಬಹುದು, ತೋಟವು ಒಂದು ಬರದಿಂದ ಒಣಗಬಹುದು. ಅಂತಹ ದಿನಗಳಲ್ಲಿ ಮರಳು ಬೆರೆತ ಅಕ್ಕಿಯಲ್ಲಿ ಪಾಯಸ ಮಾಡುವ ಸ್ಥೈರ್ಯವು ಹುಡುಗನಲ್ಲಿ ಇದೆಯೆ ಎಂಬುದನ್ನು ನೋಡಲಿ.

ಎಷ್ಟು ಹುಡುಕಿದರೂ ಸಂಗಾತಿ ದೊರಕದವರೂ ಉಂಟು. ದೊರಕಿ ಕಳೆದುಕೊಂಡವರೂ ಉಂಟು. ಅವರ ಬಾಳು ಅಪೂರ್ಣವೆಂದು ಯಾವ ಶರಣರೂ ಹೇಳಲಿಲ್ಲ. ಒಂಟಿಯಾಗಿ ನಡೆದ ಅಕ್ಕನವರನ್ನು ಅನುಭವಮಂಟಪವು ಎದ್ದು ಬರಮಾಡಿಕೊಂಡಿತು. ಊರಿನ ಮದುವೆಮನೆಗಳಲ್ಲಿ ಅಂತಹವರನ್ನು ಹಾಸ್ಯದ ಮಾತುಗಳಿಂದ ನೋಯಿಸುವುದು ಶಿವಭಕ್ತರ ಲಕ್ಷಣವಲ್ಲ. ಕಾಯಕವಿದ್ದವನಿಗೆ ಲೋಕದಲ್ಲಿ ನೆಲೆಯುಂಟು. ದಾಸೋಹವಿದ್ದವನ ಮನೆಯಲ್ಲಿ ನೆಂಟರಿಗೆ ಕೊರತೆಯಿಲ್ಲ.

ಈ ಸೀಮೆಯ ಅನೇಕ ಮನೆಗಳಲ್ಲಿ ಮೊದಲ ಲಗ್ನಪತ್ರಿಕೆಯನ್ನು ಮನೆದೇವರ ಮುಂದೆ ಇರಿಸುವ ಪದ್ಧತಿಯಿದೆ. ಪತ್ರಿಕೆಯನ್ನು ಇರಿಸಿ ಕೈಮುಗಿಯುವಾಗ ಬೇಡಬೇಕಾದುದು ದೊಡ್ಡ ಮನೆಯನ್ನಲ್ಲ, ತುಂಬಿದ ಕಣಜವನ್ನಲ್ಲ. ಗಂಟು ಹೆಚ್ಚಾದ ದಿನ ಹಿಂದಕ್ಕೆ ಕಳುಹಿಸುವ ಧೈರ್ಯವನ್ನು ಅವಳಿಗೆ ಕೊಡು, ಹಿಂದಿರುಗಿ ನಡೆಯುವ ವಿನಯವನ್ನು ಅವನಿಗೆ ಕೊಡು. ಅವನು ಹೇಳಬೇಕಾದ ದಿನ ಅವನಿಗೆ ಆ ಧೈರ್ಯವಿರಲಿ, ಅವಳಿಗೆ ಆ ವಿನಯವಿರಲಿ ಎಂದು ಬೇಡಿದರೆ ಸಾಕು. ಅಂತಹ ದಂಪತಿಗಳು ಹಾಗಲವಾಡಿಯ ಹೆಂಚಿನ ಮನೆಯಲ್ಲಿರಲಿ, ಬೆಂಗಳೂರಿನ ಬಾಡಿಗೆಯ ಕೋಣೆಯಲ್ಲಿರಲಿ, ಅವರಿರುವ ಮನೆಯೇ ಮಹಾಮನೆ, ಅವರು ಉಣ್ಣುವ ಅನ್ನವೇ ಪ್ರಸಾದ.